ಘಾಟಿನ ಮಶೀನಿಗೆ ಬಿದ್ದ ಬಿರುಕು

ಕಾಗಿಣಾ ಹೊಳೆಯ ಶಹಾಬಾದ ಘಾಟಿನಲ್ಲಿ ಮೂರು ತಲೆಮಾರಿನಿಂದ ದೋಣಿ ಹಾಕುತ್ತಿದ್ದ ಅಂಬಿಗರ ಮನೆಯಲ್ಲಿ ಆ ವರ್ಷ ಕಾರಹುಣ್ಣಿಮೆಯ ಮಾರನೇ ದಿನ ಮೂರು ಪೆಟ್ಟು ಬಿದ್ದವು. ಮೊದಲನೆಯದು ಗುರುಲಿಂಗಪ್ಪ ತನ್ನ ಹೆಂಡತಿ ನೀಲಾಬಾಯಿಗೆ ಹೊಡೆದದ್ದು. ಎರಡನೆಯದು ನೀಲಾಬಾಯಿ ಮಶೀನಿಗೆ ಹೊಡೆದದ್ದು. ಮೂರನೆಯದು ಗುರುಲಿಂಗಪ್ಪ ತನ್ನ ಹೆತ್ತ ತಂದೆ ಸಾಯಬಣ್ಣನಿಗೆ ಹೊಡೆದದ್ದು. ಮೊದಲನೆಯದನ್ನೂ ಕೊನೆಯದನ್ನೂ ಓಣಿಯೆಲ್ಲ ಕಂಡಿತು. ನಡುವಿನದನ್ನು ಕಂಡವನು ಅವಳ ಮಾವನಾದ ಆ ಸಾಯಬಣ್ಣ ಒಬ್ಬನೇ.

ಮಶೀನೆಂದರೆ ದೋಣಿಯ ಹಿಂಬದಿಗೆ ತಗುಲಿಸುವ ಇಂಜಿನ್ನು. ಮೇಲೊಂದು ತಲೆ, ನಡುವೆ ಉದ್ದನೆಯ ಕಾಲು, ಕೆಳಗೆ ನೀರಿನೊಳಗೆ ತಿರುಗುವ ಪಂಖಾ. ಪೊಲೀಸ್ ಆಕ್ಷನ್ ಮುಗಿದು ಐದು ವರ್ಷವಾಗುತ್ತ ಬಂದಿತ್ತು. ಮಿಲಿಟರಿಯವರಿಗೆ ಬೇಡವಾದ ಸಾಮಾನು ಸಿಕಂದರಾಬಾದಿನಲ್ಲಿ ಹರಾಜಿಗೆ ಬಂದದ್ದನ್ನು ಕೇಳಿ ಗುರುಲಿಂಗಪ್ಪ ಹೆಂಡತಿಯ ತವರಿನ ಬಂಗಾರದ ಪಾಟಲಿ, ಟೀಕಿ, ವಂಕಿ ಮೂರನ್ನೂ ಗಂಟು ಕಟ್ಟಿಕೊಂಡು ರೈಲು ಹತ್ತಿದ್ದ. ಬರುವಾಗ ಹೆಗಲ ಮೇಲೆ ಇದು ಬಂತು. ಹೆಂಡತಿಯನ್ನು ಕೇಳಿ ಒಯ್ದನೇ ಅಂದರೆ, ಆ ಮನೆಯಲ್ಲಿ ಒಲೆಯನ್ನು ಕೇಳಿ ಯಾರೂ ಕಟ್ಟಿಗೆ ಒಟ್ಟುತ್ತಿರಲಿಲ್ಲ.

ಅವನಿಗೂ ಒಂದು ಕಾರಣವಿತ್ತು, ಸುಳ್ಳು ಯಾಕೆ ಹೇಳಬೇಕು. ಹಿಂದಿನ ವರ್ಷ ಹೊಳೆ ತುಂಬಿ ನಾಲ್ಕು ದಿನ ದೋಣಿ ದಾಟಿರಲಿಲ್ಲ. ಟಪಾಲು ನಿಂತಿತು, ಆಚೆ ದಂಡೆಯ ಬಸುರಿಯೊಬ್ಬಳು ಸೂಲಗಿತ್ತಿ ಬಾರದೆ ಸತ್ತಳು. ಚಿತ್ತಾಪುರದ ತಾಲೂಕು ಕಚೇರಿಯಿಂದ ಹುಕುಂ ಬಂತು. ನಾಗರ ಪಂಚಮಿ ಕಳೆದ ಸೋಮವಾರ ತಹಸೀಲ್ದಾರರ ಎದುರಿಗೆ ತುಂಬಿದ ಹೊಳೆಯಲ್ಲಿ ಯಾರು ಮಶೀನು ಹಚ್ಚಿ ದಾಟಿ ತೋರಿಸುತ್ತಾರೋ ಅವರಿಗೇ ಘಾಟಿನ ಗುತ್ತಿಗೆ. ಸೇಡಂ ಕಡೆಯ ಗುತ್ತೇದಾರನೊಬ್ಬ ಆಗಲೇ ಬಂದು ದಂಡೆಯ ಮೇಲೆ ಅಡ್ಡಾಡಿ ಹೋಗಿದ್ದ.

ಕಾರಹುಣ್ಣಿಮೆಯ ಮಾರನೇ ಮುಂಜಾನೆ ಕಾಳಗಿಯಿಂದ ನೀಲಾಬಾಯಿಯ ಅಣ್ಣ ಬಂದ, ಅವಳ ತಂಗಿಯ ಲಗ್ನಕ್ಕೆ ಅವಳನ್ನು ಕರೆದೊಯ್ಯಲು. ಗುರುಲಿಂಗಪ್ಪ ಅವನನ್ನು ಅಂಗಳದಲ್ಲಿ ನಿಲ್ಲಿಸಿಯೇ ಮಾತಾಡಿದ.

"ಈಗ ಕಳಸಂಗಿಲ್ಲ. ಮಳಿಗಾಲ ಅದ, ಮನ್ಯಾಗ ಕೆಲಸ ಅದ."

"ಈಕೀಗಿ ಒಬ್ಬಾಕೀನೇ ತಂಗಿ ಅದಾಳ, ಮಾಮಾ. ಎರಡು ದಿನ ಕಳಸ್ರಿ."

"ಬಂಗಾರ ಇಲ್ಲದ ಬರೇ ಕೈಲೆ ಬಂದು ನಿಮ್ಮ ಮಂದ್ಯಾಗ ನನ್ನ ಮಾನ ಕಳೀಲೇನು ಆಕಿ?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನೀಲಾಬಾಯಿ ಅಲ್ಲಿಂದಲೇ ಅಂದಳು, "ನಿಮ್ಮ ಮಾನ ಮಶೀನದಾಗ ಅದಲ್ರಿ. ನನ್ನ ಕೈಯಾಗ ಏನದ ಕಳ್ಯಾಕ?"

ಅಣ್ಣ ಓಣಿಯ ತಿರುವು ದಾಟುವ ತನಕ ಗುರುಲಿಂಗಪ್ಪ ಕಾದ. ಆಮೇಲೆ ದೋಣಿಯ ಹಸಿ ಹಗ್ಗ ತೆಗೆದುಕೊಂಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವನ ಬೆನ್ನಿಗೆ ಹಸಿ ಹಗ್ಗ ಬಿದ್ದಿರಲಿಕ್ಕಿಲ್ಲ. ನೆರೆಯವರು ಬಂದು ಬಿಡಿಸುವಷ್ಟರಲ್ಲಿ ನೀಲಾಬಾಯಿಯ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು. ಅವನು ಹಗ್ಗ ಬಿಸಾಕಿ, ಪೆಟ್ರೋಲಿನ ಡಬ್ಬಿ ಹಿಡಿದು ಸ್ಟೇಶನ್ನಿನ ಕಡೆ ಹೋದ.

ನೆರೆಯವರು ಚದುರಿದರು. ಅತ್ತೆ ಗುರುದೇವಿ ನೀರಿಗೆ ಹೋಗಿದ್ದಳು. ಮಶೀನು ಅಂಗಳದ ಮೂಲೆಯಲ್ಲಿ, ಗೋಣಿಚೀಲದ ಮೇಲೆ ಮೈಚಾಚಿ ಬಿದ್ದಿತ್ತು. ನೀಲಾಬಾಯಿ ಎದ್ದು ಖಾರ ಅರೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅದರ ಕಾಲಿನ ಮೇಲೆ ಹಾಕಿದಳು. ಒಂದು ಸಲ ಸಾಲಲಿಲ್ಲ. ಎರಡನೇ ಸಲಕ್ಕೆ ಠಣ್ ಎಂದು ಸದ್ದಾಗಿ, ಪಂಖಾದ ಮೇಲಿಂದ ಗೇಣುದ್ದ ಬಿರುಕು ಓಡಿ, ಒಳಗಿನ ಎಣ್ಣೆ ಜಿನುಗಿತು. ಅವಳಿಗೆ ಭಾಳ ಹಿತವಾಯಿತು, ಆ ಗಳಿಗೆಯ ಮಟ್ಟಿಗೆ. ತಲೆ ಎತ್ತಿದರೆ ಪಡಸಾಲೆಯ ಬಾಗಿಲಲ್ಲಿ ಮಾವ ನಿಂತಿದ್ದ.

ಸಾಯಬಣ್ಣ ಅಂಗಳಕ್ಕಿಳಿದ. ಬಂದು ಗುಂಡುಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು, ಎಣ್ಣೆ ಒರೆಸಿ, ಒರಳಿನ ಬಳಿ ಇಟ್ಟ.

"ಒಳಗ ಹೋಗು" ಅಂದ.

ಮಧ್ಯಾಹ್ನ ಗುರುಲಿಂಗಪ್ಪ ಬಂದ, ನೋಡಿದ. ಡಬ್ಬಿಯನ್ನು ನಿಧಾನಕ್ಕೆ ನೆಲಕ್ಕಿಟ್ಟ.

"ಯಾರು?"

ನೀಲಾಬಾಯಿ ಬಾಯಿ ತೆಗೆದಳು. ಮಾತು ಬರುವ ಮೊದಲೇ ಸಾಯಬಣ್ಣ ಅಂದ, "ನಾನ."

"ನೀನ?"

"ಹೌದು. ನನ್ನ ಹೊಳ್ಯಾಗ ಇದರ ಹೊಗಿ ಬ್ಯಾಡಂತ ನಾ ಮೊದಲ ಹೇಳಿದ್ದೆ ಇಲ್ಲೋ?"

ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟು ಗುರುಲಿಂಗಪ್ಪನ ಕೈಗೆ ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. ಮುದುಕ ತಲೆಗೆ ಅಡ್ಡ ಹಿಡಿದ ಬಲಗೈಯ ಮೇಲೆ ಅದು ಬಿತ್ತು. ಮುಂಗೈ ಎಲುಬು ಮುರಿದ ಸದ್ದು ಮತ್ತೊಮ್ಮೆ ನೀರಿಗೆ ಹೋಗಿ ಕೊಡ ಹೊತ್ತು ಬರುತ್ತಿದ್ದ ಗುರುದೇವಿಗೂ ಕೇಳಿತು. ಸಾಯಬಣ್ಣ ಕುಸಿದು ಕುಳಿತು, ತನ್ನ ಕೈಯನ್ನು ನೋಡಿಕೊಳ್ಳುವ ಬದಲು ಮಗನ ಮುಖವನ್ನು ನೋಡುತ್ತ ಉಳಿದ. ಈಗ ಹೇಳಿದರೆ ಆ ಹುಟ್ಟು ತನ್ನ ತಲೆಗೆ ಬರುತ್ತದೆ ಎಂದು ನೀಲಾಬಾಯಿಗೆ ಗೊತ್ತಿತ್ತು. ಹೇಳಲಿಲ್ಲ.

ಆ ದಿನದಿಂದ ಮನೆಯಲ್ಲಿ ಎರಡು ಒಲೆ. ತನ್ನ ಗಳಿಕೆಯ ಜೋಳದ ಒಂದು ಕಾಳೂ ಅಪ್ಪನ ಹೊಟ್ಟೆಗೆ ಹೋಗಬಾರದು ಎಂದು ಗುರುಲಿಂಗಪ್ಪ ಹೇಳಿದ. ಗುರುದೇವಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕಂಡವರ ಮನೆಯಲ್ಲಿ ಕಸಮುಸುರೆ ಮಾಡಿ ತಂದ ಹಿಟ್ಟಿನಲ್ಲಿ ಗಂಡನಿಗೆ ರೊಟ್ಟಿ ಬಡಿದಳು. ಬಲಗೈಗೆ ಬಿದಿರಿನ ಪಟ್ಟಿ ಕಟ್ಟಿತ್ತು, ಮುದುಕನಿಗೆ ತುತ್ತು ಮುರಿಯಲು ಬರುತ್ತಿರಲಿಲ್ಲ. ಅವಳೇ ಮುರಿದು ಬಾಯಿಗೆ ಇಡುತ್ತ, ಜೊತೆಗೆ ಬೈಗುಳವನ್ನೂ ಇಡುತ್ತಿದ್ದಳು.

"ನಲವತ್ತು ವರ್ಷ ನಿನ್ನ ಜೋಡಿ ಬಾಳೇವು ಮಾಡೀನಿ, ಇಷ್ಟು ಕೆಟ್ಟ ಬುದ್ಧಿ ನಿನಗ ಎಲ್ಲಿಂದ ಬಂತು? ಸೊಸಿ ಮೈಮ್ಯಾಲಿನ ಬಂಗಾರ ಅದು. ಅದನ್ನ ಒಡ್ಯಾಕ ನಿನಗ ಮನಸರೆ ಹ್ಯಾಂಗ ಬಂತು?"

"ಬಂತು" ಎನ್ನುತ್ತಿದ್ದ ಸಾಯಬಣ್ಣ, ಬಾಯಿ ತೆರೆದು.

ಕದ್ದು ಸಾರು ತಂದ ನೀಲಾಬಾಯಿ ಬಾಗಿಲ ಮರೆಯಲ್ಲಿ ನಿಂತು ಇದನ್ನೆಲ್ಲ ಕೇಳಿದಳು. ಅತ್ತೆ ಆಚೆ ಹೋದಾಗ ಬಟ್ಟಲು ಕೆಳಗಿಟ್ಟು ಅಂದಳು, "ಮಾವಾ, ನಾ ಹೇಳಿಬಿಡ್ತೀನ್ರಿ. ನನಗ ಉಂಡ ಅನ್ನ ಇಳಿವಲ್ದು."

"ಬಾಯಿ ಮುಚ್ಕೊಂಡಿರು. ಹೊಳಿ ಏರಲಿಕತ್ತದ. ಆ ಮಶೀನ ಮೊದಲ ರಿಪೇರಿ ಆಗ್ಲಿ."

ಅದು ನಿಜವಾಗಿತ್ತು. ತುಂಬಿದ ಕಾಗಿಣೆಯಲ್ಲಿ ಗಳ ಹಾಕಿ ದೋಣಿ ನಿಲ್ಲಿಸಲು ಎರಡು ಜನ ಬೇಕು. ಒಬ್ಬನ ಕೈ ಮತ್ತೊಬ್ಬನೇ ಮುರಿದಿದ್ದ. ಇನ್ನು ಉಳಿದದ್ದು ಮಶೀನೊಂದೇ.

ವಾಡಿ ಜಂಕ್ಷನ್ನಿನಲ್ಲಿ ಮಜೀದಸಾಬ ಇದ್ದ. ರೈಲ್ವೆಯ ಇಂಜಿನ್ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷ ಬೆಸುಗೆ ಹಾಕಿ, ನಿವೃತ್ತನಾಗಿ, ಮನೆಯ ಅಂಗಳದ ಬೇವಿನ ಕೆಳಗೆ ಗ್ಯಾಸಿನ ಡಬ್ಬಿ ಇಟ್ಟುಕೊಂಡು ಕೂತಿದ್ದ. ಗುರುಲಿಂಗಪ್ಪ ಮಶೀನಿನ ತಲೆ ಕಳಚಿ ಮನೆಯಲ್ಲಿಟ್ಟು, ಒಡೆದ ಕಾಲನ್ನು ಗೋಣಿಯಲ್ಲಿ ಸುತ್ತಿ ಹೆಂಡತಿಯ ತಲೆಯ ಮೇಲೆ ಹೊರಿಸಿದ. ತಾನು ಒಡೆದದ್ದನ್ನು ತಾನೇ ಹೊತ್ತುಕೊಂಡು ನೀಲಾಬಾಯಿ ರೈಲು ಹತ್ತಿದಳು.

ಮಜೀದಸಾಬ ಕನ್ನಡಕ ಮೇಲೇರಿಸಿ ಬಿರುಕನ್ನು ಉಗುರಿನಿಂದ ಗೀರಿ ನೋಡಿದ. "ಹೌಸಿಂಗ್ ಸೀಳ್ಯಾದ. ಹೊರಗಿನ ಕವಚ ಇದು. ಇದರಾಗ ನೀರು ಹೊಕ್ರ ಒಳಗಿನ ಹಲ್ಲು ಎಲ್ಲಾ ತಿಂದು ಹಾಕ್ತದ. ಯಾರು ಬಡದ್ರು?"

"ನಮ್ಮಪ್ಪ" ಅಂದ ಗುರುಲಿಂಗಪ್ಪ.

"ಮುದುಕಗ ಭಾಳ ಶಕ್ತಿ ಅದ ಬಿಡು" ಎಂದು ಮಜೀದಸಾಬ ನಕ್ಕ. ನೀಲಾಬಾಯಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಅವನು ಬಿರುಕು ಮುಂದಕ್ಕೆ ಓಡದಂತೆ ಎರಡೂ ತುದಿಗೆ ಸಣ್ಣ ತೂತು ಕೊರೆದ, ಅಂಚನ್ನು ಅರದಿಂದ ಉಜ್ಜಿದ, ಇದ್ದಿಲ ಮೇಲೆ ಕಾಯಿಸಿದ. ಆಮೇಲೆ ಗ್ಯಾಸಿನ ಉರಿ ಹಿಡಿದು ಲೋಹ ಕೆಂಪಾಗಲೆಂದು ಕಾದ. ಜೀವಮಾನವೆಲ್ಲ ಕಬ್ಬಿಣ ಬೆಸೆದವನು. ಕಬ್ಬಿಣ ಮೊದಲು ಕೆಂಪಾಗುತ್ತದೆ, ಹಳದಿಯಾಗುತ್ತದೆ, ಆಮೇಲೆ ಕರಗುತ್ತದೆ, ಮುಂಚೆಯೇ ಹೇಳಿ ಕರಗುತ್ತದೆ. ಇದು ಬಿಳಿ ಲೋಹ. ಬೆಳ್ಳಗೇ ಇತ್ತು, ಬೆಳ್ಳಗೇ ಇತ್ತು, ನೋಡನೋಡುತ್ತ ಬಿರುಕಿನ ಪಕ್ಕದಲ್ಲಿ ರೂಪಾಯಿ ನಾಣ್ಯದ ಅಗಲದಷ್ಟು ಜಾಗ ಕುಸಿದು ನೆಲಕ್ಕೆ ಬಿತ್ತು. ಇದ್ದ ಬಿರುಕಿನ ಜೊತೆಗೆ ಒಂದು ತೂತೂ ಆಯಿತು.

ಗುರುಲಿಂಗಪ್ಪ ಒಂದು ಕ್ಷಣ ತೂತನ್ನು ನೋಡಿದ. ಮರುಕ್ಷಣ ಮಜೀದಸಾಬನ ಕೊರಳಿಗೆ ಕೈ ಹಾಕಿ ಬೇವಿನ ಬೊಡ್ಡೆಗೆ ಒತ್ತಿದ್ದ. ಕನ್ನಡಕ ಬಿದ್ದು ಕಾಲಡಿ ಪುಡಿಯಾಯಿತು. ಮಜೀದಸಾಬನ ಕೈಯಲ್ಲಿ ಗ್ಯಾಸಿನ ಉರಿ ಇನ್ನೂ ಭುಸುಗುಡುತ್ತಿತ್ತು. ಅದು ಗುರುಲಿಂಗಪ್ಪನ ತೋಳಿಗೆ ತಾಗಿ ಚರ್ಮ ಸುಟ್ಟ ವಾಸನೆ ಬಂತು. ಆದರೂ ಅವನು ಬಿಡಲಿಲ್ಲ. ನೀಲಾಬಾಯಿ ಹಿಂದಿನಿಂದ ಅವನ ಸೊಂಟ ಹಿಡಿದು ಜಗ್ಗಿದಳು. ಅವನು ಮೊಣಕೈಯಿಂದ ತಿವಿದ ಏಟಿಗೆ ಅವಳ ತುಟಿ ಒಡೆಯಿತು.

ಮಜೀದಸಾಬ ಉಸಿರು ಸಿಕ್ಕಷ್ಟರಲ್ಲಿ ಅಂದ, "ಐದು ವರ್ಷದ ಹಿಂದ, ಪೊಲೀಸ್ ಆಕ್ಷನ್ ಆದಾಗ, ಇದೇ ಅಂಗಳದಾಗ ನನ್ನ ಕೊರಳಿಗಿ ಕೈ ಹಾಕಿದವರನ್ನ ನೋಡೀನಿ. ಅವರು ಪರ ಊರವರು, ನನ್ನ ಹೆಸರು ಗೊತ್ತಿದ್ದಿಲ್ಲ. ನಿನಗ ಗೊತ್ತದ. ಒತ್ತು."

ಗುರುಲಿಂಗಪ್ಪನ ಕೈ ಸಡಿಲಾಯಿತು.

ಮಜೀದಸಾಬನ ಹೆಂಡತಿ ಖುರ್ಷಿದಬೇಗಂ ಒಳಗಿನಿಂದ ಬಂದಳು. ಕಿರುಚಲಿಲ್ಲ. ಉರಿಯ ಕೀಲಿ ತಿರುವಿ ಆರಿಸಿ, ಕನ್ನಡಕದ ಚೂರು ಆರಿಸಿಕೊಂಡು, ನೀಲಾಬಾಯಿಯ ಕೈಗೆ ತುಟಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು. ಆಮೇಲೆ ಒಡೆದ ಕಾಲಿನ ಮುಂದೆ ಕೂತು ಬೆರಳಿನಿಂದ ತಟ್ಟಿದಳು.

"ಇದು ಜರ್ಮನ್ ಅಲ್ಲೇನ್ರಿ?" ಎಂದು ಗಂಡನನ್ನು ಕೇಳಿದಳು. ಅಲ್ಯುಮಿನಿಯಂ ಪಾತ್ರೆಗೆ ಆ ಕಡೆ ಜರ್ಮನ್ ಭಾಂಡೆ ಎನ್ನುತ್ತಾರೆ. "ನಮ್ಮ ಜರ್ಮನ್ ಪತೇಲಿ ಒಲಿ ಮ್ಯಾಲ ತಳ ಬಿಡ್ತಲ್ಲ, ಹೋದ ರಮಜಾನದಾಗ. ಅದು ಕೆಂಪಾಗಿತ್ತೇನು?"

"ಇಲ್ಲ" ಅಂದ ಮಜೀದಸಾಬ, ಕೊರಳು ಉಜ್ಜಿಕೊಳ್ಳುತ್ತ.

"ಮಸಿ ಹತ್ತಬಾರದಂತ ಹೊರಗ ಬಟ್ಟಿ ಒಗಿಯೂ ಸಬಕಾರ ಸವರಿದ್ದೆ. ಸಬಕಾರ ಮೊದಲ ಕಂದಾತು, ಆಮ್ಯಾಲ ಕರ್ರಗಾತು. ಕರ್ರಗಾದ ಮ್ಯಾಲ ನಾ ಸ್ವಲ್ಪ ತಡ ಮಾಡ್ದೆ, ತಳ ಬಿತ್ತು. ಕಣ್ಣಿಗಿ ಕಾಣಂಗಿಲ್ಲ ಇದರ ಬಿಸಿ. ಸಬಕಾರಕ್ಕ ಕಾಣ್ತದ."

ಇಪ್ಪತ್ತೈದು ವರ್ಷ ಶೆಡ್ಡಿನಲ್ಲಿ ದುಡಿದವನು ಹೆಂಡತಿಯ ಮುಖ ನೋಡಿದ. "ಇದು ಮೊದಲ ಹೇಳಬಾರದೇನು?"

"ನೀವು ಕೇಳಿದ್ರೇನು?"

ಅವನು ಕೂತು ಯೋಚಿಸಿದ. ಈ ಲೋಹಕ್ಕೆ ಬೇರೆಯೇ ಪುಡಿ ಬೇಕು, ಅದಿಲ್ಲದೆ ಕರಗಿದ್ದು ಕರಗಿದ್ದಕ್ಕೆ ಅಂಟುವುದಿಲ್ಲ, ಪಾದರಸದ ಹಾಗೆ ಉರುಳಿ ಹೋಗುತ್ತದೆ. ಸಿಕಂದರಾಬಾದಿನಿಂದ ಗೊತ್ತಿದ್ದ ರೈಲು ಗಾರ್ಡಿನ ಕೈಲಿ ತರಿಸಬೇಕು. ಪಂಚಮಿಯ ಮೊದಲು ಬಂದರೆ ಬಂತು.

"ಬಂದ್ರ ಮಾಡ್ತೀನಿ" ಅಂದ. "ನಿನ್ನ ಸಲುವಾಗಿ ಅಲ್ಲ. ತೂತು ನಾ ಮಾಡೀನಿ, ಅದಕ್ಕ."

ಪುಡಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮನೆ ಮನೆಯಾಗಿರಲಿಲ್ಲ. ಸುಟ್ಟ ತೋಳು ಕೀವಾಗಿ ಗುರುಲಿಂಗಪ್ಪನಿಗೆ ಕೂತರೂ ಸಿಟ್ಟು, ನಿಂತರೂ ಸಿಟ್ಟು. ಪಲ್ಯದಲ್ಲಿ ಉಪ್ಪು ಹೆಚ್ಚಾಯಿತೆಂದು ತಾಟನ್ನು ಗೋಡೆಗೆ ಎಸೆದ. ಹಿತ್ತಲ ಒಲೆಯ ಹೊಗೆ ಪಡಸಾಲೆಗೆ ಬಂತೆಂದು ಅದರ ಮೂರು ಕಲ್ಲನ್ನೂ ಒದ್ದ. ಗುರುದೇವಿ ಸುಡುವ ಕೊಳ್ಳಿಯನ್ನೇ ಕೈಯಲ್ಲಿ ಹಿಡಿದು ಎದುರು ನಿಂತಳು.

"ಇನ್ನೊಂದು ಸಲ ಕಾಲು ಎತ್ತು. ಹೆತ್ತಾಕಿ ನಾನು, ಸುಡಾಕೂ ನನಗ ಹಕ್ಕದ."

"ಅವನ ಕಡೀಗೇ ನಿಲ್ತೀಯಲ್ಲ ಎವ್ವಾ. ಘಾಟು ಹೋದ್ರ ನೀ ಏನ್ ತಿಂತಿ?"

"ನಿನ್ನ ಕೈಯಾಗಿನ ಅನ್ನ ಬಿಟ್ಟು ಮತ್ತ ಏನರೆ."

ಗುರುಲಿಂಗಪ್ಪ ಅವಳ ಮೇಲೆ ಕೈ ಮಾಡಲಿಲ್ಲ. ಒಳಗೆ ಬಂದು ನೀಲಾಬಾಯಿಯನ್ನು ಹೊಡೆದ. ಅವಳು ಹೊಡೆತ ತಿನ್ನುತ್ತ, ಇದು ನನಗೇ ಬರಬೇಕಾದದ್ದು ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಕೆಯಾಯಿತು. ಹಿತ್ತಲಲ್ಲಿ ಮಾವ ಎಡಗೈಯಿಂದ ರೊಟ್ಟಿ ಮುರಿಯಲು ಕಲಿಯುತ್ತಿದ್ದ. ತುತ್ತು ಅರ್ಧ ಬಾಯಿಗೆ, ಅರ್ಧ ನೆಲಕ್ಕೆ ಹೋಗುತ್ತಿತ್ತು.

ಪಂಚಮಿಯ ಹಿಂದಿನ ದಿನ ವಾಡಿಯಿಂದ ಸುದ್ದಿ ಬಂತು. ಗಂಡ ಹೆಂಡತಿ ಮೊದಲ ರೈಲಿಗೇ ಹೋದರು. ಮಜೀದಸಾಬ ಕಣ್ಣಿಗೆ ಹೊಸ ಕನ್ನಡಕ ಹಾಕಿಕೊಂಡು, ಅಂಗಳಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿಸಿದ್ದ.

"ನೀ ಈ ಹಗ್ಗದ ಆಚೀಕ ಕುಂದ್ರು" ಅಂದ ಗುರುಲಿಂಗಪ್ಪನಿಗೆ. "ತಂಗಿ, ನೀ ಬಾ. ಸಬಕಾರ ನೋಡು. ನನ್ನ ಕಣ್ಣು ಉರಿ ಮ್ಯಾಲ ಇರ್ತದ."

ಖುರ್ಷಿದಬೇಗಂ ಸಬಕಾರದ ತುಂಡನ್ನು ಬಿರುಕಿನ ಎರಡೂ ಬದಿಗೆ ಗೀರಿದಳು. ತಳ ಬಿದ್ದ ತನ್ನ ಪತೇಲಿಯನ್ನು ಕತ್ತರಿಸಿ ಮಾಡಿದ ಸಣ್ಣ ಪಟ್ಟಿಗಳನ್ನು ಗಂಡನ ಮುಂದಿಟ್ಟಳು. ಇದ್ದಿಲ ಕಾವು ಏರಿತು. ನೀಲಾಬಾಯಿ ಉಸಿರು ಹಿಡಿದು ಗೀರನ್ನೇ ನೋಡಿದಳು. ಬಿಳಿ ಗೀರು ಹಳದಿಯಾಯಿತು, ಕಂದಾಯಿತು.

"ಕಂದಾತ್ರಿ."

"ನೋಡ್ಕೊಂತ ಇರು."

"ಕರ್ರಗಾತ್ರಿ, ಚಾಚಾ. ಈಗ."

ಉರಿ ಬಿರುಕಿನ ಮೇಲೆ ಬಂತು. ಪುಡಿ ಅದ್ದಿದ ಪಟ್ಟಿ ತುದಿಯಿಂದ ಕರಗಿ, ಹನಿ ಹನಿಯಾಗಿ ಸೀಳಿನೊಳಗೆ ಕೂತಿತು. ಮಜೀದಸಾಬ ಬೆರಳಗಲ ಬೆಸೆದು ನಿಲ್ಲಿಸಿದ, ಮತ್ತೆ ಸಬಕಾರ, ಮತ್ತೆ ಬೆರಳಗಲ. ನೀಲಾಬಾಯಿಯ ಮುಖ ಕಾವಿಗೆ ಬೆಂದು ಕೆಂಪಾಯಿತು. ಅವಳು ಅಲುಗಲಿಲ್ಲ. ತೂತಿಗೆ ಪಟ್ಟಿ ಕೂರಿಸಿ ಸುತ್ತ ಮುಚ್ಚುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಗಾಳಿ ತಾಗದಂತೆ ಇಡೀ ಕಾಲನ್ನು ಬಿಸಿ ಬೂದಿಯಲ್ಲಿ ಹೂತಿಟ್ಟರು. ಸಂಜೆಗೆ ತೆಗೆದು, ಬಿಸಿನೀರಿನಲ್ಲಿ ಪುಡಿ ತೊಳೆದು, ಒಳಗೆ ಸೀಮೆಎಣ್ಣೆ ಹೊಯ್ದು ನೋಡಿದರೆ ಒಂದು ಹನಿ ಹೊರಗೆ ಬರಲಿಲ್ಲ. ಗುರುಲಿಂಗಪ್ಪ ಹಗ್ಗದ ಆಚೆಯಿಂದಲೇ ಮಜೀದಸಾಬನಿಗೆ ಕೈ ಮುಗಿದ. ಮಜೀದಸಾಬ ಅದನ್ನು ನೋಡದವನಂತೆ ಬೂದಿ ಕೊಡವಿಕೊಂಡ.

ಸೋಮವಾರ ಕಾಗಿಣೆ ದಂಡೆ ತಿನ್ನುತ್ತ ಹರಿಯುತ್ತಿತ್ತು. ಭಂಕೂರದಿಂದಲೂ ಜನ ಬಂದು ಸೇರಿದ್ದರು. ತಹಸೀಲ್ದಾರರು ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಸೇಡಂ ಗುತ್ತೇದಾರನ ಮಶೀನು ನಡುಹೊಳೆಯಲ್ಲಿ ಕೆಮ್ಮಿ ನಿಂತು, ದೋಣಿ ಅರ್ಧ ಹರದಾರಿ ಕೆಳಗೆ ಜಾಲಿಕಂಟಿಗೆ ಹೋಗಿ ಸಿಕ್ಕಿತು. ಗುರುಲಿಂಗಪ್ಪನ ಮಶೀನು ಹನ್ನೆರಡು ಜನರನ್ನು ಹೊತ್ತು ಆಚೆ ದಂಡೆ ಮುಟ್ಟಿ, ಹೊರಳಿ, ಹನ್ನೆರಡು ಜನರನ್ನು ಹೊತ್ತು ಈಚೆ ಬಂತು. ಜನ ಕೇಕೆ ಹಾಕಿದರು. ತಹಸೀಲ್ದಾರರು ಕಾಗದಕ್ಕೆ ಸಹಿ ಮಾಡಿ, "ಘಾಟು ನಿಮ್ಮದು" ಅಂದರು.

ಗುರುದೇವಿ ಅಳುತ್ತ ನಗುತ್ತ ಗಂಡನ ಭುಜ ಹಿಡಿದು ದೋಣಿಯ ಬಳಿ ಕರೆತಂದಳು. "ಏರು. ಮಗನ ದೋಣ್ಯಾಗ ಒಂದು ಸಲ ಕುಂದ್ರು. ಎಲ್ಲಾ ಮರತುಬಿಡ್ರಿ ಇಬ್ರೂ."

ಸಾಯಬಣ್ಣ ಒಂದು ಕಾಲು ದೋಣಿಯ ಅಂಚಿಗೆ ಇಟ್ಟ. ಗುರುಲಿಂಗಪ್ಪ ಅದನ್ನು ತನ್ನ ಕಾಲಿನಿಂದ ಆಚೆ ತಳ್ಳಿದ. ಕೈಗೆ ಪಟ್ಟಿ ಕಟ್ಟಿದ್ದ ಮುದುಕ ಆಯ ತಪ್ಪಿ ಕೆಸರಿನಲ್ಲಿ ಬಿದ್ದ. ಹೊಳೆ ದಾಟಿದ ಮೇಲೆ ಅಂಬಿಗ ಯಾರು ಅಂತ ಊರವರು ಅನ್ನುವುದುಂಟು. ಅಂಬಿಗನ ಮಗನೇ ಹಾಗೆ ಅಂದದ್ದನ್ನು ಆ ದಿನ ಕಂಡರು.

"ಎಲ್ರೂ ಕೇಳ್ರಿ" ಅಂದ ಗುರುಲಿಂಗಪ್ಪ. "ಇದನ್ನ ಒಡದು ನನ್ನ ಅನ್ನ ಕಸೀಲಿಕ್ಕ ನೋಡ್ದವ ಇವ. ಇನ್ನ ಈ ಘಾಟಿಗಿ ಇವ ಕಾಲಿಡಬಾರದು. ಮನಿಗೂ ಬರಬಾರದು. ಬಂದ್ರ ಇನ್ನೊಂದು ಕೈನೂ ಮುರೀತೀನಿ."

ನೀಲಾಬಾಯಿ ಜನರ ನಡುವಿನಿಂದ ಮುಂದೆ ಬಂದಳು. ತುಟಿಯ ಗಾಯದ ಗುರುತು ಇನ್ನೂ ಮಾಸಿರಲಿಲ್ಲ. ಅವಳಿಗೆ ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

"ಮಾವ ಒಡದಿಲ್ಲ" ಅಂದಳು. "ನಾ ಒಡದೀನಿ. ಗುಂಡುಕಲ್ಲು ತಗೊಂಡು, ಎರಡು ಸಲ. ನೀವು ಹಗ್ಗದಲೆ ಬಡದು ಹೋದಿರಲ್ಲ, ಆವಾಗ."

ಗುರುದೇವಿ ತನ್ನ ಬಾಯಿಗೆ ಸೆರಗು ಒತ್ತಿಕೊಂಡಳು. ಗುರುಲಿಂಗಪ್ಪ ದೋಣಿಯಿಂದ ಹಾರಿ ಹೆಂಡತಿಯ ಕಡೆಗೆ ಎರಡು ಹೆಜ್ಜೆ ಇಟ್ಟು ಕೈ ಎತ್ತಿದ. ಅವಳು ಕದಲಲಿಲ್ಲ. ಎತ್ತಿದ ಕೈ ಹಾಗೆಯೇ ಇರುವಾಗ ಅವನು ಅಪ್ಪನ ಕಡೆ ತಿರುಗಿದ.

"ಖರೇನೇನು ಎಪ್ಪಾ?"

ಸಾಯಬಣ್ಣ ಕೆಸರಿನಿಂದ ಏಳಲು ಎಡಗೈ ಊರಿದ್ದ. "ಖರೇ."

"ಮತ್ಯಾಕ ನಿನ್ನ ಹೆಸರ ಹೇಳ್ದಿ? ಈಕಿನ್ನ ಉಳಸಲಿಕ್ಕೇನು?"

"ಹೌದು. ಆಕಿ ಹೆಸರ ಬಂದ್ರ ನೀ ಕೊಲ್ತಿ ಅಂತ ಗೊತ್ತಿತ್ತು." ಮುದುಕ ನಿಧಾನಕ್ಕೆ ಎದ್ದು ನಿಂತ. "ಅಪ್ಪನ ಮ್ಯಾಲ ನನ್ನ ಮಗನ ಕೈ ಏಳಂಗಿಲ್ಲ ಅಂತ ತಿಳಕೊಂಡಿದ್ದೆ. ಅದಕ್ಕ ನನ್ನ ಹೆಸರ ಹೇಳ್ದೆ."

ಗುರುಲಿಂಗಪ್ಪನ ಕೈ ಕೆಳಗಿಳಿಯಿತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಸಾಯಬಣ್ಣ ಯಾರ ಮುಖವನ್ನೂ ನೋಡದೆ ದಂಡೆ ಹತ್ತಿ ಹೊರಟ. ಗುರುದೇವಿ ಅವನ ಹಿಂದೆ ಹೋದಳು. ನೀಲಾಬಾಯಿ ಗಂಡನ ಪಕ್ಕದಿಂದಲೇ ಹಾದು, ಮಾವನ ಮುರಿದ ಕೈಯ ಮಗ್ಗುಲಿಗೆ ನಡೆದಳು. ಆಚೆ ದಂಡೆಗೆ ಹೋಗುವ ಮಂದಿ ದೋಣಿ ಹತ್ತಿ ಕೂತು, ಹೊರಡು ಅನ್ನಲಿಕ್ಕೆ ಆಗದೆ ಕಾಯುತ್ತಿದ್ದರು.